ಅಚ್ಚಾಗದ ಹನ್ನೊಂದು ಮನೆ

ಇಬ್ರಾಹಿಂಪುರ, ವಿಜಯಪುರ
೧೨–೨–೨೦೨೫

ಮಗಳು ಆಮ್ರಪಾಲಿಗೆ ಅಪ್ಪನ ಜೈಭೀಮ್.

ಸೊಲ್ಲಾಪುರದಿಂದ ನೀನು ದಿನಾ ಫೋನು ಮಾಡುತ್ತಿ. ಆದರೂ ಇದನ್ನು ಬಾಯಿಬಿಟ್ಟು ಹೇಳಲಾಗದೆ ಕಾಗದ ಹಿಡಿದೆ. ಮೂರು ಸಲ ಬರೆದು ಹರಿದೆ, ತಡವಾಯಿತು, ಸಿಟ್ಟಾಗಬೇಡ. ಮೊಣಕಾಲು ನೋವು ಕಡಿಮೆಯಾಗಿದೆ. ನಿಮ್ಮವ್ವ ತೀರಿದಂದಿನಿಂದ ಪಕ್ಕದ ಮನೆಯ ಸಕ್ರವ್ವನೇ ರೊಟ್ಟಿ ಕೊಡುತ್ತಾಳೆ.

ಹೋದ ತಿಂಗಳು ಇಲ್ಲಿ ಹಳೆಯ ನಕ್ಷೆಗಳ ಪ್ರದರ್ಶನವಿತ್ತು. ನಲವತ್ತು ವರ್ಷದ ಹಿಂದೆ ಬಳ್ಳಾರಿ ಕಡೆಯ ಅದಿರಿನ ಗುಡ್ಡವನ್ನು ಅಳೆದು ನಾನು ಬರೆದ ನಕ್ಷೆಯೂ ಅಲ್ಲಿತ್ತು. ಗುಡ್ಡದ ಏರಿಳಿತದ ಗೆರೆಗಳನ್ನು ಎಷ್ಟು ತೆಳುವಾಗಿ ಎಳೆದಿದ್ದೀರಿ ಎಂದು ಹೊಗಳಿ ಶಾಲು ಹೊದಿಸಿದರು. ನಾನು ಬೀಗಿದೆ.

ಆಮೇಲೆ ಸಂಶೋಧನೆ ಮಾಡುವ ಹುಡುಗಿ ಅನುರಾಧಾ ಬಂದಳು. ಗುಡ್ಡದ ಮೇಲೆ ಕೂತು ನಾನು ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನು ಅಚ್ಚಾದ ನಕ್ಷೆಯ ಪಕ್ಕ ಇಟ್ಟಳು.

"ಸರ್, ಇದರಾಗ ಹನ್ನೊಂದ ಮನಿ ಅದಾವ. ಅಚ್ಚಾದದ್ರಾಗ ಒಂದೂ ಇಲ್ಲ. ಎಲ್ಲಿ ಹೋದ್ವು?"

"ಗುಡಸಲಾ ಇದ್ವು. ಸುಗ್ಗಿ ಮುಗಿಸಿ ಹೋಗಿರಬೇಕು," ಅಂದೆ.

"ಹೋಗಿಲ್ರಿ. ನಕ್ಷೆದಾಗ ಊರ ಇಲ್ಲಂತ ಗಣಿಯವರು ಅವರನ್ನ ಎಬ್ಬಿಸ್ಯಾರ. ಪರಿಹಾರನೂ ಸಿಕ್ಕಿಲ್ಲ. ಒಬ್ಬಾಕಿ ಮುದುಕಿ ರಸ್ತಾದ ಬದಿಗೇ ಸತ್ತಾಳ."

ಮುದುಕಿಯ ಹೆಸರೂ ಹೇಳಿದಳು. ಅವಳು ನಿಮ್ಮವ್ವ ತಿಪ್ಪವ್ವನ ತಾಯಿ. ಆ ಹನ್ನೊಂದು ಮನೆಯ ಊರೇ ನಿಮ್ಮವ್ವನ ತವರು. ಅಳೆಯಲು ಹೋದಾಗ ಅವರ ಮನೆಯಲ್ಲೇ ಉಂಡೆ, ಅವರ ಮಗಳನ್ನೇ ಮದುವೆಯಾದೆ. ಆರು ತಿಂಗಳಿಗೆ ಸಾಹೇಬರು, "ಆ ಮನಿ ತಗದಬಿಡು, ನಿನ್ನ ಬಡತಿ ನಾ ನೋಡತೇನಿ," ಅಂದರು. ಅರ್ಧ ತಾಸಿನ ಕೆಲಸ. ಅಚ್ಚಿಗೆ ಹೋಗುವ ಹಾಳೆಯಿಂದ ಹನ್ನೊಂದೂ ಮನೆ ತೆಗೆದುಬಿಟ್ಟೆ. ಏಳೆಂಟು ವರ್ಷಕ್ಕೆ ಗಣಿಯವರು ಊರು ಎಬ್ಬಿಸಿದ ಮೇಲೆ, ನಿಮ್ಮವರು ರೊಕ್ಕ ತಗೊಂಡು ಎತ್ತಲೋ ಹೋದರು ಎಂದು ನಿಮ್ಮವ್ವನಿಗೆ ಹೇಳಿದೆ.

ಅನುರಾಧಾಗೆ ಇದೇನೂ ಹೇಳಲಿಲ್ಲ. ಶಾಲು ಹೊದ್ದುಕೊಂಡೇ ಮನೆಗೆ ಬಂದೆ.

ಮೊಮ್ಮಕ್ಕಳಿಗೆ ಮುದ್ದು. ನೀನು ನೂರು ಕಾಲ ತಂಪಾಗಿರು. ಇನ್ನು ನನ್ನನ್ನು ನೋಡಲು ಬರುವುದು, ಬಿಡುವುದು ನಿನಗೆ ಸೇರಿದ್ದು.

ನಿನ್ನ ಅಪ್ಪ,
ರಾಜಾರಾಮ

ತಾ.ಕ.: ಊರು ಎಬ್ಬಿಸಿದ ವರ್ಷ ನಿಮ್ಮವ್ವನ ತಮ್ಮ ಮಾಳು ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. ಅವಳು ನಿನ್ನನ್ನು ಸಾಲಿಯಿಂದ ಕರೆತರಲು ಹೋಗಿದ್ದಳು. "ಅಲ್ಲಿ ನಮ್ಮ ಮನಿ ಇದ್ವು ಅಂತ ಬರದ ಕೊಡ್ರಿ, ಸಾಕು," ಎಂದು ಕೈಮುಗಿದ. "ನಿಮ್ಮಕ್ಕಗ ನಿಮ್ಮ ಮಾರಿ ನೋಡೂದ ಬ್ಯಾಡಾಗೇತಿ," ಎಂದು ಹೊಸ್ತಿಲಿನಿಂದಲೇ ಕಳಿಸಿಬಿಟ್ಟೆ. ಅವನು ಮತ್ತೆ ಬರಲಿಲ್ಲ. ನಿಮ್ಮವ್ವ ಬಂದವಳೇ, "ಯಾರ ಬಂದಿದ್ರು?" ಎಂದು ಕೇಳಿದಳು.

"ಯಾರೋ, ವಿಳಾಸ ಕೇಳಾಕ."

"ಇಂಥಾ ಬಿಸಲಾಗ ಬಂದಾರ. ಒಂದ ಗಿಲಾಸ ನೀರರೆ ಕೊಟ್ಟ ಕಳಸಬೇಕಿಲ್ರಿ," ಅಂದಳು.