ಪೀರ್ ಸಾಬರ ಇಂಗ್ಲಿಷ್ ಕುದುರೆ

ಪ್ರೀತಿಯ ಪೀರ್ ಸಾಬ್ ಚಾಚಾ,

ನೀವು ಹೋಗಿ ಎಷ್ಟೋ ವರ್ಷಗಳಾದವು. ಈಗ ಈ ಕಾಗದ ಬರೆಯಲು ಕಾರಣ ನಿಮ್ಮ ಇಂಗ್ಲಿಷ್ ಪುಸ್ತಕ.

ಬೈರಕೂರಿನ ನಿಮ್ಮ ಮನೆಯ ಮೇಲ್ಗೂಡಿನಲ್ಲಿ ಹಸಿರು ಬಟ್ಟೆ ಸುತ್ತಿ ಇಟ್ಟಿದ್ದ ಅದಕ್ಕೆ ಗುರುವಾರ ಸಂಜೆ ಲೋಬಾನದ ಹೊಗೆ ಹಿಡಿಯುತ್ತಿದ್ದಿರಿ. ಬೀದಿಯವರು ಯಾವುದೋ ದೊಡ್ಡ ಧರ್ಮಗ್ರಂಥವೆಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದು ಕುದುರೆ ವೈದ್ಯದ ಪುಸ್ತಕವೆಂದೂ, ಹೊಗೆ ಹಾಕುವುದು ಹುಳ ಹಿಡಿಯದಿರಲೆಂದೂ ನಿಮ್ಮ ಮಗಳು ಜೈನಾಬಳಿಗೂ ಪಕ್ಕದ ಮನೆಯ ನನಗೂ ಮಾತ್ರ ಗೊತ್ತಿತ್ತು. ಹೊಗೆ ಸರಿದಂತೆ ನಡುವಿನ ಹಾಳೆಯಲ್ಲಿ ಅಚ್ಚಾಗಿದ್ದ ಕುದುರೆ ಮೆಲ್ಲಗೆ ಹೊರಬರುತ್ತಿತ್ತು. ಅದರ ಮೈಯಿಂದ ಹೊರಟ ಗೆರೆಗಳ ತುದಿಯಲ್ಲಿ ಒಂದೊಂದು ಕಾಯಿಲೆಯ ಹೆಸರು. ಆಗ ಓದಲು ಬಾರದ ನಾವು ಅವು ಗಾಳಿಪಟದ ದಾರಗಳೆಂದೂ, ಮೇಲಿನಿಂದ ಯಾರೋ ಹಿಡಿದಿದ್ದಾರೆಂದೂ ನಂಬಿದ್ದೆವು. “ಇದನ್ನ ನಿಮ್ ಜಟಕಾಗೆ ಕಟ್ಟಿದ್ರೆ ಎಲ್ಲೀಗಂಟ ಹೋಗ್ತದೆ ಚಾಚಾ?” ಎಂದರೆ, “ಮೈತುಂಬಾ ಕಾಯಿಲೆ ಕಣಮ್ಮಾ, ಮುಳಬಾಗಿಲೂ ಮುಟ್ಟಲ್ಲ” ಎಂದು ನಗುತ್ತಿದ್ದಿರಿ.

ಜೈನಾಬಳ ಮಗಳು ನಿಖತ್ ಕಳೆದ ತಿಂಗಳು ಬಂದಿದ್ದಳು. ಅಪರೂಪದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ವಿವರಿಸಿ ಪಟ್ಟಿಗೆ ಸೇರಿಸುವುದು ಅವಳ ಕೆಲಸ. ಹಾಳೆಗಳ ಕ್ರಮ ತಿಳಿಯಲು ಕೆಳಗೆ ಅಚ್ಚು ಹಾಕಿದ್ದ ಗುರುತಿನ ಅಕ್ಷರಗಳನ್ನು ನಾನು ಓದಿ ಹೇಳಿದೆ, ಅವಳು ಬರೆದುಕೊಂಡಳು. ಮೊದಲ ಹಾಳೆಗಳಿಲ್ಲ, ಪುಸ್ತಕದ ಹೆಸರು, ಇಸವಿ ಅವುಗಳ ಜೊತೆಗೇ ಹೋಗಿವೆ. ಆದರೂ ಅಚ್ಚನ್ನೂ ಕಾಗದವನ್ನೂ ನೋಡಿ, ನಾನೂರು ವರ್ಷ ಹಳೆಯದಿರಬೇಕು ಎಂದಳು. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಅದನ್ನು ಮಾಡಿದವರು ಹಾಕಿದ ಹೂಜಿಯ ಗುರುತು ಕಂಡಿತು, ನೀರಿನಡಿ ಮುಳುಗಿದ ಹಾಗೆ. “ನೋಡೇ ಸುನಂದಾ, ಕುದುರೆಗೆ ನೀರೂ ಇಟ್ಟವ್ರೆ” ಎಂದಳು ಜೈನಾಬ್.

ಅಷ್ಟರಲ್ಲಿ ಸುದ್ದಿ ತಿಳಿದು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಕಾರಿನಲ್ಲಿ ಬಂದಿಳಿದ. “ಮೊದಲೇ ಹರಿದಿರೋ ಪುಸ್ತಕ ಅಮ್ಮಾ, ಯಾರಿಗೆ ಬೇಕು? ಕುದುರೆ ಹಾಳೆ ಒಂದನ್ನ ಬಿಡಿಸ್ಕೊಡಿ. ಫ್ರೇಮ್ ಹಾಕಿದ್ರೆ ಹಾಲ್ ಗೋಡೆಗೆ ಲಕ್ಷಣವಾಗಿರ್ತದೆ. ಬರೋ ದುಡ್ಡಲ್ಲಿ ನಿಮ್ಮ ಮಾಳಿಗೆ ಹೊಸದಾಗಿ ಹಾಕಿಸ್ಕೋಬೋದು.”

ನನಗೆ ರೇಗಿತು ಚಾಚಾ. ಕೋಲಾರದ ಒಂದು ವಾಚನಾಲಯದಲ್ಲಿ ಚಿತ್ರಗಳನ್ನೆಲ್ಲ ಬ್ಲೇಡಿನಿಂದ ಕೊಯ್ದು, ಕಿಟಕಿ ಕಿತ್ತ ಮನೆಗಳಂತೆ ಬಿಟ್ಟ ಪುಸ್ತಕಗಳನ್ನು ಹುಡುಗಿಯಾಗಿದ್ದಾಗ ನೋಡಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ. ಓದಲೆಂದು ಅಚ್ಚು ಹಾಕಿದ್ದನ್ನು ಗೋಡೆಗೆ ಹೊಡೆಯುವ ಇವರಿಗೆ ಹಾಳೆ ಕೊಯ್ಯಲು ಮನಸ್ಸಾದರೂ ಹೇಗೆ ಬರುತ್ತದೆ? ಹಾಗೆಂದು ಕೂಗಾಡಿಯೂ ಬಿಟ್ಟೆ. “ನೀ ಸುಮ್ನಿರೇ” ಎಂದಳು ಜೈನಾಬ್. ತಲೆಯೆತ್ತಿ ಸೋರುವ ಮಾಳಿಗೆಯನ್ನೇ ನೋಡಿದಳು. ಕೊಟ್ಟೇಬಿಡುತ್ತಾಳೆ ಎಂದುಕೊಂಡೆ. ಕೊಟ್ಟಿದ್ದರೆ ತಪ್ಪು ಹಿಡಿಯಲು ನಾನ್ಯಾರು? ಮಳೆ ಸುರಿಯುವುದು ಅವಳ ಹಾಸಿಗೆಯ ಮೇಲೆ.

“ಕುದುರೆ ನಿಮಗೆ ಕೊಟ್ಬಿಟ್ಟು, ಬರೀ ಕಾಯಿಲೆಗಳನ್ನ ನಾವಿಟ್ಕೋಬೇಕಾ ಸಾರ್?” ಎಂದಳು. “ಟೀ ಕುಡ್ದು ಹೊರಡಿ.”

ಮಾಳಿಗೆಗೆ ಸದ್ಯ ಟಾರ್ಪಾಲು ಹೊದಿಸಿದ್ದೇವೆ. ಗುರುತಿನ ಅಕ್ಷರಗಳನ್ನು ಬೇರೆ ಪ್ರತಿಗಳ ಜೊತೆ ಹೋಲಿಸಿ ಯಾವ ಪುಸ್ತಕವೆಂದು ನಿಖತ್ ಕಂಡುಹಿಡಿದಳು, ಅದರ ವಿವರ ಪಟ್ಟಿಗೆ ಸೇರಿತು. ಪ್ರತಿಯೊಂದು ಪ್ರತಿ ಈಗ ಎಲ್ಲಿದೆ ಎಂದೂ ಅಲ್ಲಿ ಬರೆಯಬೇಕಂತೆ. ಪಟ್ಟಿಯಲ್ಲಿ ಮೇಲೆ ಕೆಳಗೆಲ್ಲ ಹೊರದೇಶಗಳ ದೊಡ್ಡ ದೊಡ್ಡ ಗ್ರಂಥಾಲಯಗಳು. ನಡುವೆ ನಿಖತ್ ಬರೆದಿದ್ದಾಳೆ: ‘ಜೈನಾಬ್, ಪೀರ್ ಸಾಬರ ಮಗಳು, ಬೈರಕೂರು.’ ಓದಿಸಿ ಕೇಳಿದ ಜೈನಾಬ್, “ಪಿನ್‌ಕೋಡೂ ಹಾಕೇ, ಅಷ್ಟು ದೂರದಿಂದ ನೋಡೋಕೆ ಬಂದವ್ರು ದಾರಿ ತಪ್ಪಬಾರದು” ಎಂದಳು.

ನಿಮ್ಮ ಮಣ್ಣು ತಂಪಾಗಿರಲಿ ಚಾಚಾ.

ಪಕ್ಕದ ಮನೆಯ ಹುಡುಗಿ,
ಸುನಂದ