ಮೂಕಿ ಚಿತ್ರದಲ್ಲಿದ್ದ ಅಜ್ಜಿಯ ಅಪ್ಪ

ಸಾತಪುರ, ನಾಶಿಕ
18 ಆಗಸ್ಟ್ 2013

ಪ್ರೀತಿಯ ವೈಜನಾಥಣ್ಣನಿಗೆ ಉಮಾಶ್ರೀಯ ಶರಣು.

ಫೋನಿನಲ್ಲಿ ಹೇಳಿದರೆ ನಿನ್ನ ಪಕ್ಕದಲ್ಲೇ ಕೂತಿರುವ ಅಜ್ಜಿಗೆ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ. ಔರಂಗಾಬಾದಿನ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಅಜ್ಜಿ ದಿನಾ ನೋಡುತ್ತಿದ್ದ ಆ ಮೂಕಿ ಚಿತ್ರವನ್ನೇ ಮುಂಬೈಯ ಒಂದು ಸಿನಿಮಾ ಕಂಪನಿ ಇಂಟರ್‌ನೆಟ್ಟಿನಿಂದ ತೆಗೆಸಿಬಿಟ್ಟಿದೆ. ಹಾಕಿದ್ದವರು ಯಾರೋ ಅಪರಿಚಿತರು, ಬರೆದರೆ ಉತ್ತರವಿಲ್ಲ. ನಾವೂ ನಕಲು ಇಟ್ಟುಕೊಳ್ಳಲಿಲ್ಲ. ಅಲ್ಲೇ ಇರುತ್ತದಲ್ಲ ಎಂದುಕೊಂಡೆವು.

ಇಲ್ಲಿರುವ ನಮ್ಮ ಬೀದರಿನ ಕಡೆಯ ವಕೀಲ ಕೃಷ್ಣರಾಜರನ್ನು ಕೇಳಿದೆ. ಅದು 1927ರ ಚಿತ್ರ, ಬಿಡುಗಡೆಯಾಗಿ ಅರವತ್ತು ವರ್ಷ ಕಳೆದ ಮೇಲೆ ನಮ್ಮ ದೇಶದಲ್ಲಿ ಕಾಪಿರೈಟ್ ಮುಗಿಯಿತು, ಈಗ ಎಲ್ಲರದೂ ಎಂದರು. ನಾನು ಹಿಗ್ಗಿದೆ. ಆಮೇಲೆ ಅವರೇ, "ಆದ್ರ ತಂಗಿ, ಉಳಿದಿರೋ ರೀಲು ಒಂದೇ, ಅದು ಆ ಕಂಪನಿಯವರ ಕಪಾಟಿನ್ಯಾಗ ಅದ. ತೋರಸ್ರಿ ಅಂತ ಕಾಯ್ದೆ ಹೇಳೂದಿಲ್ಲ. ನೀವು ನೋಡತಿದ್ದ ನಕಲಿಗಿ ಅವರೇ ಹೊಸಾ ಸಂಗೀತ ಕೂಡಸ್ಯಾರ, ಅದರ ಹಕ್ಕು ಅವರದೇ," ಎಂದರು.

ಸಂಗೀತ ಬೇಡ, ಮೂಕವಾಗಿಯೇ ಕೊಡಿ ಎಂದು ಕಂಪನಿಗೆ ಬರೆದೆ. ಫೋನೂ ಮಾಡಿದೆ. ಒಬ್ಬ ಹುಡುಗಿ ಮರಾಠಿಯಲ್ಲಿ, ಡಿವಿಡಿ ಬಂದಾಗ ಕೊಳ್ಳಿ ಎಂದಳು. ಯಾವಾಗ ಬರುತ್ತದೋ ಗೊತ್ತಿಲ್ಲವಂತೆ. ಅದರಲ್ಲಿರುವ ದರ್ಜಿ ನಮ್ಮ ಅಜ್ಜಿಯ ಅಪ್ಪ, ಅಜ್ಜಿಗೆ ತೊಂಬತ್ತೆರಡು ಎಂದೆ. ಸಾರಿ ಎಂದಳು.

ಅಜ್ಜಿಯ ಅಪ್ಪನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ನಾಟಕದ ಹುಚ್ಚಿಗೆ ಮಗಳನ್ನೂ ಕರೆದುಕೊಂಡು ನಾಶಿಕಕ್ಕೆ ಬಂದವನು, ಆ ಚಿತ್ರದಲ್ಲಿ ಪೈಲವಾನನ ಅಂಗಿಯ ಅಳತೆ ತೆಗೆಯಲು ಹೋಗಿ ಗೋದಾವರಿಗೆ ಬೀಳುವ ದರ್ಜಿಯಾದ. ಮರುವರ್ಷ ಕಾಲರಾದಲ್ಲಿ ತೀರಿಕೊಂಡ. ದಂಡೆಯ ಮೇಲೆ ಚಪ್ಪಾಳೆ ತಟ್ಟಿ ನಗುವ ಹುಡುಗಿಯೇ ನಮ್ಮ ಅಜ್ಜಿ. ಮೊದಲ ಸಲ ತೋರಿಸಿದಾಗ ಪರದೆಯ ಮೇಲೆ ಕೈಯಿಟ್ಟು, "ಎದ್ದ ನೋಡು, ಏನೂ ಆಗಿಲ್ಲ ಅವಗ," ಎಂದಳಲ್ಲ, ಅದು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ.

ಯಾರ ಮೇಲೆ ಕೇಸು ಹಾಕುವುದು ಅಣ್ಣಾ? ಯಾರೂ ಏನೂ ಕದ್ದಿಲ್ಲ. ಅಜ್ಜಿಗೆ ಸದ್ಯಕ್ಕೆ ನೆಟ್ ಇಲ್ಲ ಎಂದೇ ಹೇಳು.

ಏನೂ ತೋಚದೆ ಕೂತಿರುವ ನಿನ್ನ ತಂಗಿ,
ಉಮಾಶ್ರೀ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ಕಂಪನಿಯ ಮೇಲ್ ಬಂತು. ಚಿತ್ರ ಕೊಡಲಾಗದಂತೆ. ಆದರೆ ದರ್ಜಿಯ ಪಾತ್ರ ಮಾಡಿದವರ ಹೆಸರು ಎಲ್ಲೂ ಸಿಕ್ಕಿಲ್ಲ, ಡಿವಿಡಿಯ ಮೇಲೆ ಹಾಕಲು ತಿಳಿಸುವಿರಾ ಎಂದು ಕೇಳಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ನೀನು ಆಫೀಸಿಗೆ ಹೋಗಿದ್ದಾಗ ಅಜ್ಜಿಗೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಆ ಮೇಲನ್ನು ಅವಳು ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ, "ಕೊಟ್ಟಬಿಡವ್ವಾ. ನನಗ ನೋಡ್ಲಿಕ್ಕಿ ಸಿಗದಿದ್ರೂ, ನೋಡಿದವರಾದ್ರೂ ಅವನ ಹೆಸರ ಹಿಡದು ಕರೀಲಿ," ಎಂದಳು. ಭುಜಂಗಪ್ಪ ಎಂದು ಬರೆದು ಕಳಿಸಿದೆ.