ನಿಮ್ಮ ಮೊರದ ಮುಂದೆ ಯಾರು ಕೂತರು

ಹೆಣ್ಣುಮಕ್ಕಳ ಹಾಸ್ಟೆಲ್, ಗುಡ್ಡದಹಟ್ಟಿ
ಫೆಬ್ರವರಿ ೩೦, ೨೧೩೧

ರುದ್ರಮ್ಮಕ್ಕನಿಗೆ ನಮಸ್ಕಾರಗಳು.

ಮೊದಲಿಗೆ ಸಾರಿ. ಗುರುತಿಲ್ಲದವಳು ಕಾಗದ ಬರೆಯುವುದೇ ತಪ್ಪು, ಇನ್ನೂ ಹುಟ್ಟದವಳು ಬರೆಯುವುದಂತೂ ದೊಡ್ಡ ತಪ್ಪು. ನೀವು ನಮ್ಮಮ್ಮನ ಅಜ್ಜಿಯ ಅಜ್ಜಿ. ಆದರೆ ಇದು ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತಾರು ವರ್ಷ. ಅಜ್ಜಿ ಅಂದರೆ ಬೈಯುತ್ತೀರೇನೋ ಎಂದು ಹೆದರಿ ಅಕ್ಕ ಅಂದಿದ್ದೇನೆ. ನನ್ನ ಕನ್ನಡಕ್ಕೂ ಸಾರಿ. ಒಂದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದ ನನ್ನದು ಅರ್ಧ ಇಂಗ್ಲಿಷು, ಅರ್ಧ ಮೆಸ್ಸಿನ ಭಾಷೆ. ಮನೆಯಲ್ಲಿ ಕರಿಯಮ್ಮ, ಇಲ್ಲಿ ಕ್ಯಾರಿ. ಈಗ ಕಾಲೇಜಿನ ಫಸ್ಟ್ ಇಯರ್.

ಮೇಲಿನ ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಹೊರದಿನ ಅನ್ನುತ್ತೇವೆ. ಆಗ ಕೆಲಸವಿಲ್ಲ, ಸಂಬಳವೂ ಇಲ್ಲ. ಹೆಂಗಸರು ಆಪರೇಷನ್ ಮಾಡಿಸಿಕೊಳ್ಳಲು ಅದೇ ಸರಿಯಾದ ಹೊತ್ತು ಎಂದು ನಿಮಗೆ ಅನ್ನಿಸಬಹುದು, ನಮಗೂ ಅನ್ನಿಸಿತ್ತು. ಆ ಐದು ದಿನ ಆಸ್ಪತ್ರೆಗೂ ರಜ.

ಆಪರೇಷನ್ ಅಂದರೆ ಅದೇ ಅಕ್ಕ, ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳುವುದು. ಕಾಗದ ಬರೆಯುತ್ತಿರುವುದೇ ಅದಕ್ಕೆ.

ನೀವು ನೋಡಿದ ಗುಡ್ಡದಹಟ್ಟಿ ಈಗ ಬಿಸಿಲುಹೊಲ. ಕಣ್ಣು ಹೋದಷ್ಟು ದೂರ ಗಾಜಿನ ಹಲಗೆಗಳು ನಿಂತು ಬಿಸಿಲು ಕುಡಿದು ಕರೆಂಟು ಕೊಡುತ್ತವೆ. ಧೂಳು ಕೂತರೆ ಕರೆಂಟು ಇಳಿಯುತ್ತದೆ. ಧೂಳು ನಮ್ಮೂರಿಗೆ ಎಂದೂ ಕಮ್ಮಿಯಾಗಲಿಲ್ಲ. ಹಾಗಾಗಿ ಬೆಳಗಿನ ಜಾವದಲ್ಲೇ ಹೆಂಗಸರು ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡು ಹಲಗೆ ತೊಳೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿನ ತುದಿಯ ಕಂಬದ ಮೇಲೆ ಅಂಗೈ ಇಟ್ಟರೆ ನೀರು ಬಿಡುತ್ತದೆ. ಒಂದು ದಿನ ಆ ಅಂಗೈ ಬರದಿದ್ದರೆ ಮಾರನೆಯ ದಿನ ಸಾಲು ಬೇರೆಯವಳದು. ಇದು ಹೊಸದೇನಲ್ಲ ಎಂದು ನನಗೆ ಗೊತ್ತು. ನೀವು ಮಿಲ್ಲಿನಲ್ಲಿ ಕಡ್ಲೆಕಾಯಿ ಆರಿಸುತ್ತಿದ್ದಿರಂತೆ. ಮೊರದ ಮುಂದೆ ಒಂದು ದಿನ ಕೂರದಿದ್ದರೆ ಜಾಗ ಹೋಗುತ್ತಿತ್ತಂತೆ. ಮನೆಯಲ್ಲಿ ಈಗಲೂ ಹೇಳುತ್ತಾರೆ.

ನಮ್ಮಕ್ಕನ ಹೆಸರು ಸಾಕಮ್ಮ. ವಯಸ್ಸು ಇಪ್ಪತ್ನಾಲ್ಕು, ಮೂರು ಮಕ್ಕಳು, ಕೊನೆಯದಕ್ಕೆ ಇನ್ನೂ ಹಲ್ಲು ಬಂದಿಲ್ಲ. ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವ ಹಾಗಾಗಿದ್ದಳು. ಇನ್ನೊಂದಾದರೆ ಇವಳು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಎದುರಿಗೇ ಹೇಳಿದರು. ಆಪರೇಷನ್ ಪೂರಾ ಫ್ರೀ, ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿದೆ. ಯಂತ್ರದ ಕೈ ಒಂದು ಟೀ ಆರುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಫ್ರೀ ಇಲ್ಲದ್ದು ಉಳಿದದ್ದೆಲ್ಲ. ಅಕ್ಕ ಪ್ರತಿ ಸಲವೂ ತನ್ನ ಸಾಲು ತೊಳೆದ ಮೇಲೆಯೇ ಹೋದಳು. ಮೊದಲ ಸಲ ಹೋದಾಗ ರಕ್ತ ಪರೀಕ್ಷೆ ಹೊರಗಿನ ಲ್ಯಾಬಿನಲ್ಲಿ ಮಾಡಿಸಿಕೊಂಡು ಬಾ ಎಂದರು. ಎರಡನೆಯ ಸಲ, ಜೊತೆಗೊಬ್ಬರು ಮೂರು ದಿನ ವಾರ್ಡಿನಲ್ಲೇ ಇರಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳಲ್ಲ ಎಂದರು. ಮೂರನೆಯ ಸಲ ಜೊತೆಗಿರಲು ಅಕ್ಕನ ಅತ್ತೆ ಒಪ್ಪಿ, ಸರದಿ ಹಿಡಿಯಲೆಂದು ಕೆಲಸ ಬಿಟ್ಟು ನಸುಕಿಗೇ ಹೋದಳು. ಬೆಡ್ ಇಲ್ಲ, ಸೋಮವಾರ ಬನ್ನಿ ಎಂದರು. ಅತ್ತೆಯ ಸಾಲು ಹೋಯಿತು. ಆಪರೇಷನ್ ಆದಮೇಲೆ ಒಂದು ವಾರ ಭಾರ ಎತ್ತುವಂತಿಲ್ಲ, ಅಂದರೆ ಬೆನ್ನಿಗೆ ಕ್ಯಾನಿಲ್ಲ, ಅಂದರೆ ಅಕ್ಕನ ಸಾಲೂ ಹೋಗುತ್ತದೆ. ಮನೆಯಲ್ಲಿ ಐದು ಹೊಟ್ಟೆ ಆ ಸಾಲಿನ ಮೇಲಿವೆ. ಸರ್ಕಾರ ಸ್ವಲ್ಪ ಪರಿಹಾರ ಕೊಡುತ್ತದೆ, ಆಮೇಲೆ ಯಾವಾಗಲೋ.

ಗಂಡಸರ ಆಪರೇಷನ್ ಇನ್ನೂ ಸುಲಭ, ಮಾರನೆಯ ದಿನವೇ ಓಡಾಡಬಹುದು. ಭಾವನಿಗೆ ಹೇಳಿದರೆ ಸೊಂಟ ಹಿಡಿದುಕೊಂಡು "ನಂಗೆ ಮೊದಲೇ ನಡ ನೋವು" ಅಂದ. ಅತ್ತೆ ತನ್ನ ಮಗನೆಂದೂ ನೋಡದೆ, "ಮೂರು ಮಕ್ಕಳು ಮಾಡುವಾಗ ಎಲ್ಲಿಗ್ ಹೋಗಿತ್ತಲಾ ಆ ನೋವು?" ಅಂದಳು. ಎಲ್ಲರೂ ನಕ್ಕರು. ಅವನು ಮಾತ್ರ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ನಿಮ್ಮ ಕಾಲದಲ್ಲೂ ಹೀಗೇನಾ?

ಕೊನೆಗೆ ನಮ್ಮಕ್ಕನ ಜೊತೆ ಹಲಗೆ ತೊಳೆಯುವವರು ಮುಯ್ಯಿ ಕಟ್ಟಿದರು. ಮದುವೆಗೆ, ಕೊಯ್ಲಿಗೆ ಒಬ್ಬರಿಗೊಬ್ಬರು ಆಳಾಗುವ ಮುಯ್ಯಿ ನಿಮಗೆ ಗೊತ್ತೇ ಇದೆ. ಹದಿನಾಲ್ಕು ಜನ ದಿನಕ್ಕೆ ಇಬ್ಬರಂತೆ ಒಂದು ವಾರ ಸಾಕಮ್ಮನ ಸಾಲು ತೊಳೆಯುತ್ತೇವೆ, ಜಾಗ ಅವಳದೇ ಇರಲಿ ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಕೆಟ್ಟವನಲ್ಲ, ಅಂಜುಬುರುಕ. ಕಂಪನಿಯಲ್ಲಿ ಪೂರ್ವನಡೆ ಎಂಬ ರೂಲ್ಸಿದೆ. ಈ ಊರಿನ ಕೂಲಿ ಕೆಲಸದಲ್ಲಿ ಹಿಂದೆ ಒಮ್ಮೆ ನಡೆದದ್ದಾದರೆ ನಡೆಯುತ್ತದೆ, ನಡೆಯದಿದ್ದರೆ ಇಲ್ಲ. "ಹೆಂಗಸರ ಆಪರೇಷನ್ನಿಗೆ ಅಂತ ಯಾರಾದ್ರೂ ಯಾರ್ದಾದ್ರೂ ಜಾಗ ಕಾದಿದ್ದು ತೋರ್ಸ್ರವ್ವ, ನೂರು ವರ್ಷದ ಹಿಂದಿಂದಾದ್ರೂ ಸರಿ, ಬಿಟ್‌ಬಿಡ್ತೀನಿ" ಅಂದ.

ನೂರು ವರ್ಷದ ಹಿಂದೆ ಎಂದಾಗ ನನ್ನ ತಲೆಗೆ ಬಂದವರು ನೀವು. ಫಸ್ಟ್ ಇಯರಿನವರಿಗೆ ಕಾಲೇಜಿನಲ್ಲಿ ಹಿಂದಂಚೆಯ ಒಂದು ಹಾಳೆ ಕೊಡುತ್ತಾರೆ, ಮನೆತನದ ಹಿಂದಿನವರಲ್ಲಿ ಯಾರಿಗಾದರೂ ಬರೆಯಬಹುದು, ಅದು ಅವರ ಕಾಲಕ್ಕೇ ಹೋಗಿ ತಲುಪುತ್ತದೆ. ಉಳಿದ ಹುಡುಗಿಯರು ಹಪ್ಪಳದ ಹದ ಕೇಳಿದರು, ಹಳೆಯ ಸೀರೆಯ ಬಣ್ಣ ಕೇಳಿದರು. ನಾನು ಸಾಕ್ಷಿ ಕೇಳುತ್ತಿದ್ದೇನೆ.

ಕಷ್ಟವೆಂದರೆ, ನಮಗೆ ಗೊತ್ತಿರುವ ಹಾಗೆ ಅದು ನಡೆಯಲೇ ಇಲ್ಲ. ನೀವೂ ಮೂರು ಸಲ ಆಸ್ಪತ್ರೆಗೆ ಹೋಗಿ ವಾಪಸ್ ಬಂದಿರಂತೆ. ಮಿಲ್ಲಿನಲ್ಲಿ ಯಾರನ್ನೂ ಕೇಳಲಿಲ್ಲವಂತೆ. ನಾಟಿಗೆ ಮುಯ್ಯಿ ಕೇಳಬಹುದು, ಇಂಥದ್ದಕ್ಕೆ ಬಾಯಿ ಬಿಟ್ಟು ಹೇಗೆ ಕೇಳುವುದು ಎಂದು ನಾಚಿಕೆಯಂತೆ. ಆಮೇಲೆ ನಾಲ್ಕನೆಯ ಹೆಣ್ಣು ಹುಟ್ಟಿತು. ಇನ್ನು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಅದಕ್ಕೆ ಸಾಕಮ್ಮ ಎಂದು ಹೆಸರಿಟ್ಟಿರಿ. ಆಸ್ಪತ್ರೆಗೆ ಹೋಗಲು ಆಗದವರು ಹೆಸರನ್ನಾದರೂ ಇಡುತ್ತಾರೆ. ಆ ಮಗು ಎಳೆಯದಿರುವಾಗಲೇ ತೀರಿಕೊಂಡಿತು, ಹೆಸರು ಮಾತ್ರ ಮನೆಯಲ್ಲಿ ಉಳಿದು ನಮ್ಮಕ್ಕನವರೆಗೆ ಬಂತು.

ಈ ಕಾಗದ ತಲುಪುವಾಗ ನಿಮಗಿನ್ನೂ ಮೂರೇ ಮಕ್ಕಳು. ಮಿಲ್ಲಿನಲ್ಲಿ ಕೇಳಿ, ಅಕ್ಕ. ನಾಚಬೇಡಿ. ನೀವು ಆಪರೇಷನ್ ಮಾಡಿಸಿಕೊಂಡರೆ ನಾವು ಹುಟ್ಟುವುದಿಲ್ಲವೇನೋ ಎಂದು ಅಂಜಬೇಡಿ. ನಾವು ನಿಮ್ಮ ಎರಡನೆಯ ಮಗಳ ಕಡೆಯವರು, ಅವಳು ಆಗಲೇ ಅಂಗಳದಲ್ಲಿ ಓಡಾಡುತ್ತಿದ್ದಾಳೆ. ಹೋದರೆ ನಮ್ಮಕ್ಕನ ಹೆಸರೊಂದು ಹೋಗುತ್ತದೆ. ಅವಳನ್ನೇ ಕೇಳಿದೆ. "ಹೋಗ್ಲಿ ಬಿಡೇ, ಕೂಗಿದ್ರೆ ತಿರುಗಿ ನೋಡೋ ಹಂಗೆ ಯಾವ್ದೋ ಒಂದು ಇಡ್ತಾರೆ" ಅಂದು ಮಗುವಿನ ಮೂಗು ಒರೆಸಿದಳು.

ಹೀಗೆ ಹಿಂದಕ್ಕೆ ಹೋಗಿ ಸಾಕ್ಷಿ ಹುಟ್ಟಿಸುವುದು ಕಾಪಿ ಹೊಡೆದ ಹಾಗೆ ಅಲ್ಲವಾ ಎಂದು ನನಗೆ ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ. ಗೋಡೆ ತುಂಬ ಫ್ರೀ ಎಂದು ಬರೆದು ಬಾಗಿಲಲ್ಲಿ ತಡೆಯುವವರು ನನಗೆ ನ್ಯಾಯ ಹೇಳುವುದು ಬೇಡ. ಸೋಮವಾರ ವಾರ್ಡಿನಲ್ಲಿ ಜೊತೆಗಿರುವವಳು ನಾನೇ. ಅವತ್ತು ಇಂಟರ್ನಲ್ಸ್ ಇದೆ. ರಜ ಕೇಳಿದರೆ ವಾರ್ಡನ್ ಮೇಡಂ, "ಹೆರಿಗೆಯೂ ಅಲ್ಲ, ಸಾವೂ ಅಲ್ಲ, ಇದಕ್ಕೆಂಥಾ ರಜ?" ಅಂದರು. "ಎರಡೂ ಆಗದಿರಲಿ ಅಂತಲೇ ಮೇಡಂ" ಅಂದೆ. ಪರೀಕ್ಷೆ ಮತ್ತೆ ಬರುತ್ತದೆ.

ನಿಮ್ಮ ಉತ್ತರ ಬರದಿದ್ದರೂ ನಮ್ಮಕ್ಕ ಆಸ್ಪತ್ರೆಗೆ ಹೋಗುತ್ತಾಳೆ. ಅವಳ ಸಾಲು ಕಿತ್ತುಕೊಂಡರೆ ಹದಿನಾಲ್ಕು ಅಂಗೈಗಳೂ ಕಂಬ ಮುಟ್ಟುವುದಿಲ್ಲ, ಗಾಜಿನ ಮೇಲೆ ಧೂಳು ಕೂತರೆ ಕೂರಲಿ ಎಂದು ತೀರ್ಮಾನಿಸಿದ್ದಾರೆ. ನಿಮ್ಮ ಉತ್ತರ ಬಂದರೆ ಮಾತ್ರ ಯಾರ ಮನೆಯ ಒಲೆಯೂ ಆರದೆ ಕೆಲಸ ಆಗುತ್ತದೆ.

ಆ ಒಂದು ವಾರ ನಿಮ್ಮ ಮೊರದ ಮುಂದೆ ಯಾರು ಯಾರು ಕೂತರು, ಅವರ ಹೆಸರುಗಳನ್ನು ಈ ಹಾಳೆಯ ಹಿಂದೆಯೇ ಬರೆದು ಯಾವುದಾದರೂ ಅಂಚೆ ಡಬ್ಬಿಗೆ ಹಾಕಿ. ಸೋಮವಾರಕ್ಕೆ ಮೊದಲು ನಮಗೆ ಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಕರಿಯಮ್ಮ